ಐವತ್ತಾರನೇ ಮಂಜೊಟ್ಟಿ

ಮಂಗಳೂರಿನಲ್ಲಿ ಲಾಲ್‌ಬಾಗ್ ಉಂಟು, ಅದರಲ್ಲಿ ಬಾಗ್ ಮಾತ್ರ ಇಲ್ಲ. ಇಲ್ಲೇ ಹುಟ್ಟಿ ಬೆಳೆದ ನಮಗೆ ಇದು ಯಾವತ್ತೂ ವಿಚಿತ್ರ ಅಂತ ಕಂಡದ್ದಿಲ್ಲ. ಬಸ್ಸಿನಲ್ಲಿ ‘ಸ್ಟೇಟ್ ಬ್ಯಾಂಕ್’ ಅಂತ ಟಿಕೆಟ್ ತೆಗೆದವರೆಲ್ಲ ಬ್ಯಾಂಕಿಗೆ ಹೋಗುತ್ತಾರಾ? ಹಾಗೆಯೇ ಲಾಲ್‌ಬಾಗ್ ಅಂದರೆ ನಮಗೆ ಮಹಾನಗರ ಪಾಲಿಕೆಯ ಕಚೇರಿ, ಒಂದು ಜಂಕ್ಷನ್ನು, ಅದರ ಸುತ್ತ ಹಾರ್ನು.

ತೊಂದರೆ ಶುರುವಾದದ್ದು ಬೆಂಗಳೂರಿನಿಂದ ಬಾವ ಬಂದ ಮೇಲೆ. ಬಾವ ಅಂದರೆ ನನ್ನ ಹೆಂಡತಿಯ ಅಣ್ಣ. ಜಯನಗರದಲ್ಲಿ ಮನೆ, ಬೆಳಗಿನ ವಾಕಿಂಗ್ ಲಾಲ್‌ಬಾಗಿನಲ್ಲಿ. ಅವರ ಹತ್ತು ವರ್ಷದ ಮಗ, ಸಿಟಿ ಬಸ್ಸಿನ ಕಂಡಕ್ಟರ್ ‘ಲಾಲ್‌ಬಾಗ್, ಲಾಲ್‌ಬಾಗ್’ ಅಂತ ಕೂಗಿದ್ದೇ ತಡ, ನನ್ನ ಕೈ ಎಳೆದುಕೊಂಡು ಇಳಿದೇಬಿಟ್ಟ. ಇಳಿದವನು ಸುತ್ತ ನೋಡಿ, “ಮಾವ, ಗ್ಲಾಸ್ ಹೌಸ್ ಎಲ್ಲಿ?” ಅಂದ. ನಾನು ಎದುರಿನ ಬಟ್ಟೆ ಅಂಗಡಿಯ ಗಾಜು ತೋರಿಸಿದೆ. ಅವನು ನಗಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ ಬಾವ ತಣ್ಣಗೆ ಶುರು ಮಾಡಿದರು. “ಹೈದರಾಲಿ 1760ರಲ್ಲಿ ಮಾಡಿಸಿದ ತೋಟ ಬಾವ ಅದು. ಈಗ 240 ಎಕರೆ. ನಿಮ್ಮೂರಲ್ಲಿ ಅಂಥದ್ದು...” ಅಂತ ಹೇಳಿ ಮಾತು ಅಲ್ಲಿಗೇ ಬಿಟ್ಟು ಸಾರಿನ ಕಡೆ ನೋಡಿದರು. ಇದು ಬೆಂಗಳೂರಿನವರ ಸೌಜನ್ಯ. ಅವಮಾನವನ್ನು ಅರ್ಧ ಬಡಿಸಿ, ಉಳಿದದ್ದನ್ನು ನಾವೇ ಬಡಿಸಿಕೊಳ್ಳಲಿ ಅಂತ ಪಾತ್ರೆ ಹತ್ತಿರ ಇಡುತ್ತಾರೆ. ಹೈದರ ನಮ್ಮೂರಿಗೂ ಬಂದಿದ್ದ, 1763ರಲ್ಲಿ. ಆದರೆ ಅವನು ಇಲ್ಲಿ ಗುಲಾಬಿ ನೆಡಲಿಲ್ಲ, ಯುದ್ಧದ ಹಡಗು ಕಟ್ಟಿಸಿದ. ಅದಕ್ಕೆ ನಾನೆಂತ ಮಾಡಲಿ?

“ನಮ್ಮಲ್ಲಿ ಪಿಲಿಕುಳ ಉಂಟು,” ಅಂದೆ. “350 ಎಕರೆಗೂ ಮಿಗಿಲು. ಪಶ್ಚಿಮ ಘಟ್ಟದ ಮರಗಳದ್ದೇ ಒಂದು ದೊಡ್ಡ ಅರ್ಬೊರೇಟಂ ಉಂಟು ಅಲ್ಲಿ. ನಾಳೆ ಭಾನುವಾರ. ಎಲ್ಲರೂ ಹೋಗುವ.”

ಎಲ್ಲರೂ ಅಂದರೆ ನಾನು, ಹೆಂಡತಿ, ಏಳು ವರ್ಷದ ದೊಡ್ಡವ, ನಾಲ್ಕು ವರ್ಷದ ಪುಟ್ಟಿ, ಬಾವ, ಅವರ ಮಗ, ಮತ್ತೆ ನನ್ನ ಅಮ್ಮ. ಅಮ್ಮನಿಗೆ ಎಪ್ಪತ್ತೆರಡು. ಎರಡೂ ಮೊಣಗಂಟು ನೋವು. ಕೂತರೆ ಎಬ್ಬಿಸಲಿಕ್ಕೆ ಇಬ್ಬರು ಬೇಕು, ಅದರಲ್ಲಿ ಒಬ್ಬರು ಗಂಡಸಾಗಿರಬೇಕು. ಅವರು ಸಂಗತಿ ಕೇಳಿ ಕನ್ನಡಕ ತೆಗೆದರು.

“ಮರ ನೋಡ್ಲಿಕ್ಕೆ ಟಿಕೆಟಾ?”

“ಹೌದಮ್ಮ.”

“ಎಂತ ಮರ? ನಮ್ಮ ತೋಟದ ಮೇಲಿನ ಗುಡ್ಡೆಯಲ್ಲಿ ಪುಕ್ಕಟೆ ನೋಡಿ ನೋಡಿ ಬೊಡಿದು ಹೋಗಿದೆ ನಂಗೆ.”

ಆ ಗುಡ್ಡೆಯಲ್ಲಿ ಈಗ ರಬ್ಬರ್ ಉಂಟು ಅಂತ ನಾನು ನೆನಪಿಸಲಿಲ್ಲ. ರಬ್ಬರ್ ಹಾಕಿಸಿದ್ದು ನಾನೇ.

ಎಂಟು ಗಂಟೆಗೆ ಹೊರಡುವುದು ಅಂತ ನಿಶ್ಚಯ. ಮಕ್ಕಳಿರುವ ಮನೆಯಲ್ಲಿ ಎಂಟು ಗಂಟೆ ಅಂದರೆ ಅದೊಂದು ಆಶಯ. ದೊಡ್ಡವನ ಒಂದು ಚಪ್ಪಲಿ ಸಿಗಲಿಲ್ಲ. ಸಿಕ್ಕಿದ ಹೊತ್ತಿಗೆ ಪುಟ್ಟಿ ಫ್ರಾಕಿಗೆ ಹಾಲು ಚೆಲ್ಲಿಕೊಂಡಳು. ಫ್ರಾಕು ಬದಲಾದ ಹೊತ್ತಿಗೆ ಬಾವನಿಗೆ ಆಫೀಸಿನ ಕಾಲ್ ಬಂತು. ಎಲ್ಲ ಮುಗಿದು ಕಾರಿನಲ್ಲಿ ಕೂತಾಗ ಅಮ್ಮ, “ಗ್ಯಾಸ್ ಬಂದ್ ಮಾಡಿದ್ದೀರಾ?” ಅಂದರು. ಈ ಪ್ರಶ್ನೆಗೆ ಉತ್ತರ ಇಲ್ಲ. ಇಳಿದು ಹೋಗಿ ನೋಡುವುದೊಂದೇ ದಾರಿ. ಬಂದ್ ಆಗಿತ್ತು. ಯಾವತ್ತೂ ಬಂದ್ ಆಗಿಯೇ ಇರುತ್ತದೆ.

ಹೊರಟಾಗ ಹತ್ತೂ ಇಪ್ಪತ್ತು. ಮಧ್ಯಾಹ್ನ ಮರದ ಕೆಳಗೆ ಕೂತು ತಿನ್ನಲಿಕ್ಕೆ ಅಂತ ಹೆಂಡತಿ ಬೆಳಿಗ್ಗೆ ಐದಕ್ಕೆದ್ದು ಬನ್ಸ್ ಕಾಯಿಸಿದ್ದಳು. ನಂತೂರು ದಾಟುವಾಗ ಡಬ್ಬದ ಮುಚ್ಚಳ ತೆಗೆದ ಸದ್ದು ಕೇಳಿತು. ಕುಲಶೇಖರದಲ್ಲಿ ಅರ್ಧ ಡಬ್ಬ. ಕುಡುಪಿನಲ್ಲಿ ಅಮ್ಮ ದೇವಸ್ಥಾನದ ಕಡೆ ತಿರುಗಿ ಕೈಮುಗಿಯುವಾಗ ಬೆರಳಿನಲ್ಲಿ ಎಣ್ಣೆ ಹೊಳೆಯುತ್ತಿತ್ತು. ವಾಮಂಜೂರು ಬರುವಾಗ ಡಬ್ಬದಲ್ಲಿ ಟಿಶ್ಯೂ ಪೇಪರ್ ಮಾತ್ರ ಇತ್ತು. ಒಟ್ಟು ದಾರಿ ಹತ್ತು ಹನ್ನೆರಡು ಕಿಲೋಮೀಟರ್. ಅಷ್ಟರಲ್ಲಿ ದೊಡ್ಡವ ‘ಬಂತಾ?’ ಅಂತ ಎಷ್ಟು ಸಲ ಕೇಳಿದ ಅಂತ ಎಣಿಸಲಿಲ್ಲ. ಎಣಿಸಬೇಕಾದ ಕೆಲಸ ಮುಂದೆ ಬೇರೆಯೇ ಇತ್ತು.

ಪಿಲಿಕುಳ ಅಂದರೆ ತುಳುವಿನಲ್ಲಿ ಹುಲಿಯ ಕೆರೆ. ಹುಲಿ ನೀರು ಕುಡಿಯಲಿಕ್ಕೆ ಬರುತ್ತಿದ್ದ ಜಾಗವಂತೆ. ಈಗಲೂ ಹುಲಿ ಉಂಟು, ಪಕ್ಕದ ಮೃಗಾಲಯದಲ್ಲಿ. ಅದಕ್ಕೀಗ ನೀರು ಅದು ಇದ್ದಲ್ಲಿಗೇ ಬರುತ್ತದೆ. ನಿಸರ್ಗಧಾಮಕ್ಕೆ ಶಿವರಾಮ ಕಾರಂತರ ಹೆಸರು. ಮೃಗಾಲಯ, ದೋಣಿ ವಿಹಾರ, ಗುತ್ತಿನ ಮನೆ, ವಿಜ್ಞಾನ ಕೇಂದ್ರ, 2018ರಲ್ಲಿ ತೆರೆದ ತ್ರೀಡಿ ತಾರಾಲಯ, ನೀರಾಟದ ಪಾರ್ಕು, ಕೊನೆಗೆ ಗಾಲ್ಫ್ ಮೈದಾನ ಕೂಡ ಉಂಟು. ಒಂದೇ ದಿನದಲ್ಲಿ ಎಲ್ಲ ನೋಡುತ್ತೇವೆ ಅಂತ ಹೊರಡುವವರಿಗೆ ಮಕ್ಕಳಿಲ್ಲ ಅಂತ ತಿಳಿಯಬೇಕು. ನಾನು ಮಾತ್ರ ಗಟ್ಟಿ ಮನಸ್ಸು ಮಾಡಿದ್ದೆ: ಮೊದಲು ಮರ, ಆಮೇಲೆ ಹುಲಿ. ಬಾವನೆದುರು ನನ್ನ ಮರ್ಯಾದೆ ಇದ್ದದ್ದು ಮರದಲ್ಲಿ.

“ಅರೆಬರೆ ಟಂ ಎಲ್ಲಿ?” ಅಂತ ಪುಟ್ಟಿ ಕೇಳಿದಳು. ಅರ್ಬೊರೇಟಂ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆ ಕನ್ನಡ ನನಗೂ ಹೊಳೆಯಲಿಲ್ಲ.

ಸಸ್ಯೋದ್ಯಾನದಲ್ಲಿ ಮರಕ್ಕೂ ನಮಗೂ ನಡುವೆ ಒಂದು ಬೋರ್ಡ್ ಇರುತ್ತದೆ. ಬೋರ್ಡ್ ಇದ್ದರೆ ಅದು ಸಸ್ಯಸಂಪತ್ತು, ಇಲ್ಲದಿದ್ದರೆ ಬಲ್ಲೆ. ಬಾವ ಮೊದಲು ಬೋರ್ಡ್ ಓದಿ, ಅದರ ಫೋಟೋ ತೆಗೆದು, ಆಮೇಲೆ ನೆನಪಾದರೆ ತಲೆ ಎತ್ತಿ ಮರ ನೋಡುತ್ತಿದ್ದರು. ಅಮ್ಮ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಮರದ ತೊಗಟೆ ಉಗುರಿನಲ್ಲಿ ಮುಟ್ಟಿ, ಮೂಸಿ, ತೀರ್ಪು ಕೊಟ್ಟರು.

“ಅಯ್ಯೊ, ಇದು ಕಾಸರಕ! ಇದಕ್ಕೂ ಬೋರ್ಡಾ? ಇದರ ಸೊಪ್ಪು ದನವೂ ತಿನ್ನುದಿಲ್ಲ.”

ಬಾವ ಬೋರ್ಡ್ ಓದಿದರು, “ಸ್ಟ್ರಿಕ್ನಾಸ್ ನಕ್ಸ್ ವಾಮಿಕಾ.” ಅಮ್ಮ ಅವರನ್ನು ಕರುಣೆಯಿಂದ ನೋಡಿದರು. ಈ ಮರದ ಬೀಜದಲ್ಲಿ ಸ್ಟ್ರಿಕ್ನಿನ್ ಅನ್ನುವ ಘೋರ ವಿಷ ಉಂಟು, ಕಾಸರಗೋಡಿಗೆ ಹೆಸರು ಬಂದದ್ದೇ ಇದರಿಂದ ಅನ್ನುವವರಿದ್ದಾರೆ ಅಂತೆಲ್ಲ ನಾನು ಮಕ್ಕಳಿಗೆ ಹೇಳಹೊರಟೆ. ತಿರುಗಿ ನೋಡಿದರೆ ಮಕ್ಕಳಿಲ್ಲ. ಅವರು ಹತ್ತು ಹೆಜ್ಜೆ ಹಿಂದೆ ನೆಲ ನೋಡುತ್ತ ಕೂತಿದ್ದರು.

ಪಾಲೆ ಮರ ಬಂದಾಗ ಅಮ್ಮನ ಧ್ವನಿ ಬದಲಾಯಿತು. ಇದಕ್ಕೆ ಬೋರ್ಡ್ ಹಾಕಿದ್ದು ಅವರಿಗೆ ಒಪ್ಪಿಗೆಯಾಯಿತು. ಆಟಿ ಅಮಾವಾಸ್ಯೆಯ ದಿನ ಬೆಳಕು ಹರಿಯುವ ಮೊದಲೇ ಹೋಗಿ, ಕತ್ತಿ ತಾಗಿಸದೆ ಕಲ್ಲಿನಿಂದ ಜಜ್ಜಿ ಕೆತ್ತೆ ತೆಗೆದು, ಅದರ ರಸವನ್ನು ಖಾಲಿ ಹೊಟ್ಟೆಗೆ ಕುಡಿಯುವುದು ನಮ್ಮ ಕಡೆಯ ಕ್ರಮ. ಆಮೇಲೆ ಮೆಂತೆ ಗಂಜಿ. ಕತ್ತಲೆಯಲ್ಲಿ ಪಾಲೆ ಅಂತ ತಿಳಿದು ಕಾಸರಕದ ಕೆತ್ತೆ ತಂದವರಿಗೆ ಗಂಜಿಯ ಬದಲು ಗ್ಲೂಕೋಸ್.

“ಅದಕ್ಕೇ ಹಿಂದಿನ ದಿನ ಹಗಲು ಹೊತ್ತಿನಲ್ಲಿ ಹೋಗಿ ಮರಕ್ಕೆ ಗುರುತು ಕಟ್ಟಿ ಬರುದು,” ಅಂದರು ಅಮ್ಮ. ಬೋರ್ಡ್ ಅಂದರೆ ಅದೇ ಅಲ್ಲವಾ ಅಮ್ಮ ಅಂತ ಕೇಳಬೇಕೆಂದುಕೊಂಡು ಸುಮ್ಮನಾದೆ.

ಬಾವ ತಮ್ಮ ಫೋನಿನಿಂದ ಒಂದು ಸಂಗತಿ ಹೆಕ್ಕಿ ತೆಗೆದರು. ಪಾಲೆಯ ಲ್ಯಾಟಿನ್ ಹೆಸರಿನ ಬಾಲದಲ್ಲಿ ‘ಸ್ಕಾಲರಿಸ್’ ಅಂತ ಉಂಟಂತೆ, ಯಾಕೆಂದರೆ ಹಿಂದೆ ಇದರ ಹಲಗೆಯಲ್ಲಿ ಶಾಲೆಯ ಮಕ್ಕಳ ಸ್ಲೇಟು ಮಾಡುತ್ತಿದ್ದರು. ಇದನ್ನು ಕೇಳಿ ದೊಡ್ಡವ ಮರದಿಂದ ಎರಡು ಹೆಜ್ಜೆ ದೂರ ಸರಿದ. ಭಾನುವಾರ ಬಂದು ಇಲ್ಲೂ ಶಾಲೆಯಾ ಅನ್ನುವ ಹಾಗೆ.

ಅಶೋಕ ಮರದ ಹತ್ತಿರ ನನಗೊಂದು ಸಣ್ಣ ಗೆಲುವು ಸಿಕ್ಕಿತು. ಕಾಂಡಕ್ಕೇ ಅಂಟಿಕೊಂಡು ಕಿತ್ತಳೆ ಬಣ್ಣದ ಹೂ ಗೊಂಚಲು ಗೊಂಚಲಾಗಿ ಬಿಟ್ಟಿತ್ತು. ಬಾವ, “ಇದು ಅಶೋಕವಾ? ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಇರೋದು ಉದ್ದಕ್ಕೆ, ನೆಟ್ಟಗೆ...” ಅಂದರು. ಬ್ಯಾಂಕು, ಶಾಲೆ, ಅಪಾರ್ಟ್‌ಮೆಂಟುಗಳೆದುರು ಪೊಲೀಸರ ಹಾಗೆ ಸಾಲಾಗಿ ನಿಂತಿರುವ ಆ ಮರ ಬೇರೆ, ಸೀತೆ ಕೂತ ಮರ ಇದು ಅಂತ ನಾನು ವಿವರಿಸಿದೆ. ಆ ಪೊಲೀಸ್ ಮರದ ಕೆಳಗೆ ಸೀತೆ ಕೂತಿದ್ದರೆ ತಲೆಗೆ ನೆರಳೂ ಸಿಗುತ್ತಿರಲಿಲ್ಲ, ರಾವಣನಿಗೆ ಬೇರೆ ಪಾಪ ಬೇಕಾಗಿರಲಿಲ್ಲ. ಬಾವ ಒಪ್ಪಿಕೊಂಡರು. ಒಂದು ಮರದ ಮಟ್ಟಿಗೆ ಲಾಲ್‌ಬಾಗಿನ ಲೆಕ್ಕ ಚುಕ್ತಾ.

ಆದರೆ ಇದನ್ನು ಯಾರು ನೋಡಿದರು? ಮಕ್ಕಳಂತೂ ಅಲ್ಲ. ಆ ದಿನ ನನಗೆ ಗೊತ್ತಾದ ಸಂಗತಿ ಏನೆಂದರೆ, ಮೂರೂವರೆ ಅಡಿಗಿಂತ ಕೆಳಗಿನವರಿಗೆ ಮರ ಅನ್ನುವ ವಸ್ತುವೇ ಇಲ್ಲ. ಮರ ನಮಗೆ. ಅವರಿಗೆ ಮರದಿಂದ ಬಿದ್ದದ್ದು, ಮರದಡಿ ಹರಿದದ್ದು, ಮರದ ಬೇರಿಗೆ ತಾಗಿ ತಾವು ಬಿದ್ದದ್ದು. ಟಿಕೆಟ್ ಕೊಟ್ಟು ಘಟ್ಟದ ಮರಗಳನ್ನು ತೋರಿಸಲಿಕ್ಕೆ ಕರೆತಂದರೆ ಇಬ್ಬರೂ ನಾಚಿಕೆ ಮುಳ್ಳಿನ ಎದುರು ಕೂತಿದ್ದರು. ಅದಕ್ಕೆ ಬೋರ್ಡ್ ಇರಲಿಲ್ಲ. ಅದು ನಮ್ಮ ಘಟ್ಟದ್ದೂ ಅಲ್ಲ, ಅಮೆರಿಕ ಖಂಡದ ಬಿಸಿ ನಾಡಿನಿಂದ ಬಂದು ಇಲ್ಲಿ ರೇಷನ್ ಕಾರ್ಡ್ ಮಾಡಿಸಿಕೊಂಡ ಗಿಡ. ಮುಟ್ಟುವುದು, ಮುದುಡುವುದು, ಕಾಯುವುದು, ಬಿಚ್ಚುವುದು, ಮತ್ತೆ ಮುಟ್ಟುವುದು. ಎಲೆಯ ಬುಡದಲ್ಲಿರುವ ಗಂಟಿನಿಂದ ನೀರು ಸರಕ್ಕನೆ ಆಚೆ ಹೋಗುತ್ತದೆ, ಅದಕ್ಕೇ ಎಲೆ ಜೋಲುತ್ತದೆ ಅಂತ ನಾನು ವಿವರಿಸಿದೆ. “ಸುಳ್ಳು,” ಅಂದಳು ಪುಟ್ಟಿ, “ಅದಕ್ಕೆ ನಿದ್ದೆ ಬಂದದ್ದು.”

ಬಾವ ಇದಕ್ಕೂ ಒಂದು ಕತೆ ಇಟ್ಟುಕೊಂಡಿದ್ದರು. ಆಸ್ಟ್ರೇಲಿಯಾದ ಮೋನಿಕಾ ಗ್ಯಾಗ್ಲಿಯಾನೊ ಎಂಬ ವಿಜ್ಞಾನಿ ಈ ಗಿಡವನ್ನು ಕುಂಡ ಸಮೇತ ಮತ್ತೆ ಮತ್ತೆ ಸ್ವಲ್ಪ ಎತ್ತರದಿಂದ ಬೀಳಿಸಿ ನೋಡಿದರಂತೆ. ಮೊದಲು ಗಿಡ ಹೆದರಿ ಮುದುಡಿತು. ಆಮೇಲೆ, ಇದರಿಂದ ಏನೂ ಆಗುವುದಿಲ್ಲ ಅಂತ ಗೊತ್ತಾದ ಹಾಗೆ, ಮುದುಡುವುದನ್ನೇ ಬಿಟ್ಟಿತು. 2014ರಲ್ಲಿ ಪ್ರಕಟವಾದ ಸಂಶೋಧನೆ. ನನ್ನ ಹೆಂಡತಿ ತಣ್ಣಗೆ ಹೇಳಿದಳು: “ಇದಕ್ಕೆ ಆಸ್ಟ್ರೇಲಿಯಾಕ್ಕೆ ಯಾಕೆ ಹೋಗ್ಬೇಕು ಅಣ್ಣ? ನಿನ್ನ ಬಾವನನ್ನು ನೋಡು. ‘ಅಪ್ಪಾ’ ಅಂತ ಮಕ್ಕಳು ಹತ್ತು ಸಲ ಕರೆದರೂ ಒಂದು ಎಲೆ ಅಲ್ಲಾಡುದಿಲ್ಲ.”

ಅಲ್ಲಿಂದ ಎಬ್ಬಿಸಿದರೆ ಚಗಳಿ ಇರುವೆ. ಎಲೆಗಳನ್ನು ಸೇರಿಸಿ ಹೊಲಿದು ಮಾಡಿದ ಗೂಡು, ತಲೆಯ ಎತ್ತರದಲ್ಲಿ. ದೊಡ್ಡ ಇರುವೆಗಳು ತಮ್ಮ ಮರಿಹುಳಗಳನ್ನು ದವಡೆಯಲ್ಲಿ ಹಿಡಿದು ಎಲೆಯಿಂದ ಎಲೆಗೆ ಆಡಿಸುತ್ತವೆ. ಆ ಹುಳದ ಬಾಯಿಂದ ಬರುವ ರೇಷ್ಮೆಯೇ ನೂಲು. ಅಂದರೆ ಮನೆ ಕಟ್ಟುವ ಕೆಲಸ ಪೂರ್ತಿ ಶಿಶುಗಳದ್ದು, ಹಿರಿಯರು ಹಿಡಿದುಕೊಳ್ಳುವುದು ಮಾತ್ರ. ಬಾಲಕಾರ್ಮಿಕ ಕಾಯ್ದೆ ಚಗಳಿಗೆ ಅನ್ವಯವಾಗುವುದಿಲ್ಲ. ಇದನ್ನು ಕೇಳಿ ದೊಡ್ಡವನಿಗೆ ಒಂದೇ ಸಂಶಯ: “ಇರುವೆಗೆ ಅಜ್ಜಿ ಉಂಟಾ?” ಶಿವರಾಮ ಕಾರಂತರು ಮಕ್ಕಳಿಗಾಗಿ ಮೂರು ಸಂಪುಟಗಳ ‘ಬಾಲಪ್ರಪಂಚ’ ಬರೆದವರು. ಅವರಿದ್ದಿದ್ದರೆ ಇದಕ್ಕೂ ಉತ್ತರ ಕೊಡುತ್ತಿದ್ದರೋ ಏನೋ. ನಾನು “ಉಂಟು, ಮನೆಯೊಳಗೆ ಮಲಗಿದ್ದಾರೆ” ಅಂದೆ. ಅಷ್ಟು ಹೊತ್ತಿಗೆ ಒಂದು ಚಗಳಿ ಬಾವನ ಕಾಲರಿನೊಳಗೆ ಇಳಿದಿತ್ತು. 240 ಎಕರೆಯಲ್ಲಿ ಕಲಿಯದ ಒಂದು ಕುಣಿತ ಅವರು ಅಲ್ಲಿ ಕಲಿತರು.

ಬಿಸಿಲು ಏರಿತ್ತು. ಫೆಬ್ರವರಿಯಾದರೂ ಮಂಗಳೂರಿನ ಬೆವರಿಗೆ ಕ್ಯಾಲೆಂಡರ್ ಇಲ್ಲ. ಒಂದು ನೆರಳಿಗೆ ಬಂದು, “ಹುಲಿ ನೋಡಿ ಹೊರಗೆ ಹೋದ ಮೇಲೆ ಬೊಂಡ ಕುಡಿಯುವ” ಅಂದೆ. ಬೆಂಗಳೂರಿನ ಹುಡುಗ ಅಪ್ಪನ ಮುಖ ನೋಡಿದ. ಬೋಂಡವನ್ನು ಕುಡಿಯುವ ಊರಿಗೆ ತನ್ನನ್ನು ಯಾಕೆ ಕರೆತಂದರು ಅನ್ನುವ ನೋಟ ಅದು. ಬೊಂಡ ಅಂದರೆ ಎಳನೀರು ಅಂತ ಬಿಡಿಸಿ ಹೇಳಿದ ಮೇಲೂ ಅವನು, “ಚಟ್ನಿ ಇರಲ್ವಾ?” ಅಂತ ಮೆಲ್ಲಗೆ ಕೇಳಿದ.

ಆಗಲೇ ಅಮ್ಮ ಕಾಣೆಯಾದದ್ದು.

ಮಕ್ಕಳು ಕಳೆದುಹೋಗಬಾರದು ಅಂತ ನಾವು ನಾಲ್ಕು ಕಣ್ಣು, ಬಾವನದ್ದು ಕನ್ನಡಕ ಸೇರಿ ಎಂಟು, ಇಟ್ಟು ಕಾದಿದ್ದೆವು. ಅಮ್ಮ ಕಳೆದುಹೋಗಬಹುದು ಅಂತ ಯಾರಿಗೂ ಹೊಳೆದಿರಲಿಲ್ಲ. ಹುಡುಕಿದರೆ ದಾರಿಯ ತಿರುವಿನಲ್ಲಿ, ಒಂದು ಮರದ ಬುಡದಲ್ಲಿ, ಕುಕ್ಕರಗಾಲಿನಲ್ಲಿ ಕೂತಿದ್ದರು. ಎರಡೂ ಮೊಣಗಂಟು ಮಡಚಿ. ಯಾರ ಸಹಾಯವೂ ಇಲ್ಲದೆ.

“ಮಂಜೊಟ್ಟಿ!” ಅಂದರು ತಲೆ ಎತ್ತದೆ.

ನೆಲದಲ್ಲಿ ಕೆಂಪು ಬೀಜಗಳು, ಎಣ್ಣೆ ಹಚ್ಚಿ ಒರೆಸಿದ ಹಾಗೆ ಹೊಳೆಯುತ್ತ, ಒಣಗಿ ಸುರುಳಿಯಾದ ಕೋಡುಗಳ ನಡುವೆ ಬಿದ್ದಿದ್ದವು. ಚೆನ್ನೆಮಣೆಗೆ ಬೇಕಾದ್ದು ಇದೇ ಬೀಜ. ಒಂದು ಬದಿಗೆ 7 ಗುಳಿ, ಇನ್ನೊಂದು ಬದಿಗೆ 7, ಗುಳಿಗೆ ನಾಲ್ಕರಂತೆ 56. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಹೋಗಲಿಕ್ಕಾಗದೆ ಚಾವಡಿಯಲ್ಲಿ ಕೂತು ಆಡುತ್ತಿದ್ದ ಆಟ. ಅಮ್ಮನ ಮಣೆ ಈಗಲೂ ನಮ್ಮ ಮನೆಯ ಅಟ್ಟದಲ್ಲಿ ಉಂಟು, ಬೀಜಗಳು ಮನೆ ಬದಲಾಯಿಸುವಾಗ ಎಲ್ಲೋ ಹೋಗಿದ್ದವು. ಆ ಮನೆ ಬದಲಾಯಿಸಿದ್ದು ಕೂಡ ನಾನೇ.

“ಅಮ್ಮ, ಇಲ್ಲಿಂದ ಎಂತದೂ ಕೀಳಬಾರದು,” ಅಂತ ಹೆಂಡತಿ ಮೆಲ್ಲಗೆ ಹೇಳಿದಳು.

“ಕಿತ್ತದ್ದು ಯಾರು? ಬಿದ್ದದ್ದು. ಅದಕ್ಕೆ ಕಾನೂನು ಇಲ್ಲ,” ಅಂದರು ಅಮ್ಮ.

ಈ ಸಲ ಮಕ್ಕಳಿಗೆ ಯಾರೂ ಏನೂ ತೋರಿಸಬೇಕಾಗಲಿಲ್ಲ. ಅಮ್ಮ ಅವರ ಎತ್ತರಕ್ಕೆ ಇಳಿದಿದ್ದರು. ಮೂವರು ಮಕ್ಕಳೂ ನೆಲಕ್ಕೆ ಬಿದ್ದರು. ಬಾವ ಫೋನಿನಲ್ಲಿ ಹುಡುಕಿ, “ಅಡೆನಾಂಥೆರಾ ಪಾವೊನಿನಾ. ಲಿನೇಯಸ್ ಇಟ್ಟ ಹೆಸರು, 1753,” ಅಂದರು. ಇಲ್ಲಿ ನಾನು ಸುಮ್ಮನಿರಲಿಲ್ಲ. ಅದಕ್ಕೂ ಮೊದಲೇ ಡಚ್ಚರ ಕಮಾಂಡರ್ ವ್ಯಾನ್ ರೀಡ್ ಮಲಬಾರಿನ ಗಿಡಗಳ ಮೇಲೆ 12 ಸಂಪುಟಗಳ ‘ಹೋರ್ಟಸ್ ಮಲಬಾರಿಕಸ್’ ಮಾಡಿಸಿದ್ದ, 1678ರಿಂದ 1693ರವರೆಗೆ ಅಚ್ಚಾಯಿತು. ಅದರಲ್ಲಿ ಈ ಮರ ಮಂಜಾಡಿ ಅಂತಲೇ ಉಂಟು. ಆ ಕಮಾಂಡರನಿಗೆ ಗಿಡ ಎಲ್ಲಿ ಗೊತ್ತಿತ್ತು? ಇಟ್ಟಿ ಅಚ್ಯುತನ್ ಎಂಬ ಈಳವ ವೈದ್ಯರು ಹೇಳಿದರು, ಕೊಂಕಣಿ ಪಂಡಿತರಾದ ರಂಗ ಭಟ್ಟ, ಅಪ್ಪು ಭಟ್ಟ, ವಿನಾಯಕ ಪಂಡಿತರು ಹೇಳಿದರು. ಅವರಿಗೆ ಅವರ ಅಜ್ಜಿಯಂದಿರು ಹೇಳಿದ್ದಿರಬೇಕು. ಯುರೋಪಿನಲ್ಲಿ ಅದು ಲ್ಯಾಟಿನ್ ಆಗಿ, ಬೋರ್ಡಾಗಿ ವಾಪಸು ಬಂತು. ಹಾಗಾಗಿ ಬಾವ, ನಿಮ್ಮ ಫೋನಿನಲ್ಲಿರುವುದು ನಕಲು ಪ್ರತಿ, ಮೂಲ ಪ್ರತಿ ಅಲ್ಲಿ ಕುಕ್ಕರಗಾಲಿನಲ್ಲಿ ಕೂತಿದೆ ಅಂದೆ. ಸ್ವಲ್ಪ ಭಾಷಣವಾಯಿತು ಅಂತ ನನಗೇ ಅನಿಸಿತು. ಬೆವರು ಒರೆಸಿಕೊಂಡೆ.

“ಐವತ್ತಾರು,” ಅಂತ ಅಮ್ಮ ಎರಡು ಸಲ ಎಣಿಸಿ ಸೆರಗಿನ ತುದಿಗೆ ಗಂಟು ಹಾಕಿದರು. ಎಬ್ಬಿಸಲಿಕ್ಕೆ ಹೋದ ನನ್ನ ಕೈ ತಳ್ಳಿ ತಾವೇ ಎದ್ದರು.

ಹುಲಿ ನೋಡಿದೆವು. ಹುಲಿ ಮಲಗಿತ್ತು. ಬೊಂಡ ಕುಡಿದೆವು. ಬೆಂಗಳೂರಿನ ಹುಡುಗ ಒಳಗಿನ ಗಂಜಿ ಕೆರೆಸಿ ತಿಂದು, ಚಟ್ನಿ ಬೇಡ ಅಂತ ಒಪ್ಪಿಕೊಂಡ.

ಸಂಜೆ ಮನೆಯಲ್ಲಿ ಅಟ್ಟದಿಂದ ಮಣೆ ಇಳಿಸಿ, ಧೂಳು ಒರೆಸಿ, ಅಮ್ಮ ಗಂಟು ಬಿಚ್ಚಿದರು. ಗುಳಿಗೆ ನಾಲ್ಕರಂತೆ ಹಾಕುತ್ತ ಬಂದರೆ ಕೊನೆಯ ಗುಳಿಗೆ ಮೂರೇ. ಮತ್ತೆ ಎಣಿಸಿದರು. ಐವತ್ತೈದು. ಸೋಫಾದ ಅಡಿ, ಕಾರಿನ ಸೀಟು, ಬನ್ಸಿನ ಡಬ್ಬ, ಎಲ್ಲ ಹುಡುಕಿದ್ದಾಯಿತು. ಆಗ ದೊಡ್ಡವ, ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡುವ ಸಾಕ್ಷಿಯ ಹಾಗೆ, “ಒಂದು ಪುಟ್ಟಿಯ ಮೂಗಿನಲ್ಲಿ ಉಂಟು,” ಅಂದ.

“ಯಾವಾಗಿನಿಂದ?”

“ಹುಲಿಯ ಹತ್ತಿರದಿಂದ.”

ಪುಟ್ಟಿ ಬಲಗಡೆಯ ಹೊಳ್ಳೆ ತೋರಿಸಿ ಹೆಮ್ಮೆಯಿಂದ ನಕ್ಕಳು. ಟಾರ್ಚ್ ಹಾಕಿ ನೋಡಿದರೆ ಒಳಗೆ ಕೆಂಪು ದೀಪ. ನಾನು ಕಡ್ಡಿ ಹುಡುಕಿದೆ, ಹೆಂಡತಿ ನನ್ನ ಕೈಗೆ ಹೊಡೆದಳು. ಭಾನುವಾರವೂ ತೆರೆದಿರುವ ಒಂದು ಕ್ಲಿನಿಕ್ಕಿಗೆ ಎಲ್ಲರೂ ಅದೇ ಕಾರಿನಲ್ಲಿ ಹೊರಟೆವು. ಈ ಸಲ ಗ್ಯಾಸಿನ ಬಗ್ಗೆ ಯಾರೂ ಕೇಳಲಿಲ್ಲ.

ಡಾಕ್ಟರು ವಯಸ್ಸಾದವರು, ಇಂಥದ್ದು ಬಹಳ ನೋಡಿದವರು. ಗೋಡಂಬಿ ಚೂರು, ಚಾಕ್‌ಪೀಸ್, ಒಂದು ಸಲ ಉದ್ದಿನ ಬೇಳೆ ನೆಂದು ಉಬ್ಬಿದ್ದು ಅಂತ ಪಟ್ಟಿ ಹೇಳಿ, ಪುಟ್ಟಿಯ ತಾಯಿಯನ್ನು ಹತ್ತಿರ ಕರೆದರು. ಇಕ್ಕಳ ತೆಗೆಯಲಿಲ್ಲ. “ಸರಿ ಇರುವ ಹೊಳ್ಳೆಯನ್ನು ಬೆರಳಿನಿಂದ ಮುಚ್ಚಿ, ಮಗುವಿನ ಬಾಯಿಗೆ ಬಾಯಿಟ್ಟು ಒಂದೇ ಸಲ ಊದಿಯಮ್ಮ. ಮದರ್ಸ್ ಕಿಸ್ ಅಂತ ಇದಕ್ಕೆ ಹೆಸರು,” ಅಂದರು. ಹೆಂಡತಿ ಊದಿದಳು. ಟಪ್ ಅಂತ ಒಂದು ಸದ್ದು, ಒಂದು ಕೆಂಪು ಚುಕ್ಕೆ ಡಾಕ್ಟರ ಬಿಳಿ ಕೋಟಿಗೆ ತಾಗಿ, ನೆಲಕ್ಕೆ ಬಿದ್ದು, ಉರುಳಿ, ಮೇಜಿನ ಅಡಿಗೆ ಹೋಯಿತು. ಪುಟ್ಟಿ ಇನ್ನೊಂದು ಸಲ ಊದಬೇಕು ಅಂತ ಹಟ ಹಿಡಿದಳು. ಡಾಕ್ಟರು ಕೈ ತೊಳೆದು ಚೀಟಿ ಬರೆಯಲಿಕ್ಕೆ ಕೂತರು. ಬಾವ ನಿಟ್ಟುಸಿರು ಬಿಟ್ಟರು. ನಾನು ಪರ್ಸ್ ತೆಗೆದೆ.

ಆಗ ಮೇಜಿನ ಅಡಿಯಿಂದ ಅಮ್ಮನ ಧ್ವನಿ ಕೇಳಿತು.

“ಡಾಕ್ಟ್ರೇ, ನಿಮ್ಮ ಎಡಗಾಲು ಸ್ವಲ್ಪ ಎತ್ತಿ.”